ಆಫೀಸ್ ಕಂಪ್ಯೂಟರಿನ ಅಡ್ಮಿನ್ ಪಾಸ್‌ವರ್ಡ್ ಯಾರ ಕೈಯಲ್ಲಿರಬೇಕು?

ಈ ಸಂಚಿಕೆಯ ಪ್ರಶ್ನೆ: ಕಚೇರಿಯ ಕಂಪ್ಯೂಟರುಗಳಲ್ಲಿ ತಂತ್ರಾಂಶ ಹಾಕುವ, ತೆಗೆಯುವ ಹಕ್ಕು, ಅಪ್‌ಡೇಟ್ ಯಾವಾಗ ಆಗಬೇಕೆಂಬ ತೀರ್ಮಾನ, ಎರಡೂ ಪೂರ್ತಿಯಾಗಿ ಐಟಿ ವಿಭಾಗಕ್ಕೇ ಸೇರಬೇಕೆ? ಅಥವಾ ಆ ಕಂಪ್ಯೂಟರಿನಲ್ಲಿ ದಿನವಿಡೀ ದುಡಿಯುವವರಿಗೂ ಪಾಲಿರಬೇಕೆ? ಬೆಂಗಳೂರಿನ ಒಂದು ಕಾರ್ಖಾನೆಯ ಸಿಸ್ಟಂ ಅಡ್ಮಿನಿಸ್ಟ್ರೇಟರ್ ಪರವಾಗಿಯೂ ಹುಬ್ಬಳ್ಳಿಯ ಒಂದು ತೆರಿಗೆ ಸಲಹಾ ಕಚೇರಿಯ ವ್ಯವಸ್ಥಾಪಕಿ ವಿರೋಧವಾಗಿಯೂ ಬರೆದಿದ್ದಾರೆ. ಒಬ್ಬರ ಬರಹವನ್ನು ಇನ್ನೊಬ್ಬರು ನೋಡಿಲ್ಲ.

ಪರ: ಐಟಿಯವರ ಬಳಿಯೇ ಇರಲಿ, ಐಟಿಯಲ್ಲೂ ಎಲ್ಲರಿಗೂ ಬೇಡ

“ನನ್ನ ಮೇಲೆ ನಂಬಿಕೆ ಇಲ್ವಾ?” ಅಡ್ಮಿನ್ ಹಕ್ಕು ಕೊಡಲಾಗದು ಎಂದಾಗಲೆಲ್ಲ ಎದುರಿಗಿದ್ದವರು ಕೇಳುವ ಮಾತು ಇದು. ನಂಬಿಕೆ ಖಂಡಿತ ಇದೆ. ಆದರೆ ನೀವು ತೆರೆದ ಪ್ರತಿಯೊಂದು ಪ್ರೋಗ್ರಾಂ ನಿಮ್ಮ ಹೆಸರಿನಲ್ಲಿ, ನಿಮಗಿರುವ ಅಧಿಕಾರದಲ್ಲಿ ಓಡುತ್ತದೆ. ನೀವು ಬೇಕೆಂದೇ ತೆರೆದ ಎಕ್ಸೆಲ್ ಇರಲಿ, ‘ಇನ್‌ವಾಯ್ಸ್’ ಎಂಬ ಹೆಸರು ಹೊತ್ತು ಮೇಲ್‌ನಲ್ಲಿ ಬಂದ ಕಳ್ಳ ಫೈಲ್ ಇರಲಿ, ವಿಂಡೋಸ್ ಪಾಲಿಗೆ ಎರಡೂ ನೀವೇ. ನಿಮಗೆ ಅಡ್ಮಿನ್ ಹಕ್ಕಿದ್ದರೆ ಆ ಕಳ್ಳ ಫೈಲ್‌ಗೂ ಆ ಹಕ್ಕಿಗೂ ನಡುವೆ ಉಳಿಯುವುದು ಒಂದು ‘ಯೆಸ್’ ಗುಂಡಿ ಮಾತ್ರ. ಅದನ್ನು ಒತ್ತಿದ ಮೇಲೆ ಆಂಟಿವೈರಸ್ ನಿಲ್ಲಿಸಬಹುದು, ಮೆಮೊರಿಯಲ್ಲಿ ಉಳಿದಿರುವ ಬೇರೆಯವರ ಪಾಸ್‌ವರ್ಡ್ ಹೆಕ್ಕಬಹುದು, ವಿಂಡೋಸ್ ತಾನಾಗಿ ಇಟ್ಟುಕೊಂಡ ಫೈಲ್‌ಗಳ ಹಳೆಯ ಪ್ರತಿಗಳನ್ನು, ಅಂದರೆ ಶ್ಯಾಡೋ ಕಾಪಿಗಳನ್ನು, ಅಳಿಸಿಬಿಡಬಹುದು. ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್ ಹುಡುಕುವುದೇ ಈ ಅವಕಾಶಗಳನ್ನು.

ಸಾಮಾನ್ಯ ಖಾತೆಯಲ್ಲಿ ಅದೇ ಫೈಲ್ ತೆರೆದರೂ ಹಾನಿಯಾಗುತ್ತದೆ, ಅಲ್ಲಗಳೆಯುವುದಿಲ್ಲ. ನಿಮ್ಮ ಕಡತಗಳು ಹೋಗುತ್ತವೆ. ನಿಮಗೆ ಬರೆಯುವ ಅನುಮತಿ ಇರುವ ಶೇರ್ಡ್ ಫೋಲ್ಡರುಗಳೂ ಹೋಗುತ್ತವೆ. ಆದರೆ ಅಲ್ಲಿಂದ ಪಕ್ಕದ ಮೇಜಿಗೆ ದಾಟುವುದು ಅದಕ್ಕೆ ಕಷ್ಟವಾಗುತ್ತದೆ. ಒಬ್ಬರ ಒಂದು ದಿನದ ಕೆಲಸ ಹಾಳಾಗುವುದಕ್ಕೂ ಕಂಪನಿಯೇ ವಾರಗಟ್ಟಲೆ ನಿಂತುಹೋಗುವುದಕ್ಕೂ ಇರುವ ವ್ಯತ್ಯಾಸ ಇದು.

ಇದು ನಿನ್ನೆ ಮೊನ್ನೆಯ ಸಿದ್ಧಾಂತವೂ ಅಲ್ಲ. ಪ್ರತಿ ಬಳಕೆದಾರನಿಗೂ ಪ್ರತಿ ಪ್ರೋಗ್ರಾಮಿಗೂ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಇರಬೇಕು ಎಂಬುದನ್ನು ಜೆರೋಮ್ ಸಾಲ್ಟ್ಜರ್ ಮತ್ತು ಮೈಕೇಲ್ ಶ್ರೋಡರ್ 1975ರಲ್ಲೇ ತಮ್ಮ ಪ್ರಬಂಧದಲ್ಲಿ ಸ್ಪಷ್ಟವಾಗಿ ಬರೆದಿಟ್ಟಿದ್ದಾರೆ. ಅಭ್ಯಾಸ ಕೆಡಿಸಿದ್ದು ವಿಂಡೋಸ್ ಎಕ್ಸ್‌ಪಿ ಕಾಲ. ಆಗ ಕಂಪ್ಯೂಟರ್ ಹೊಂದಿಸುವಾಗ ಮಾಡಿಕೊಂಡ ಖಾತೆಗೆ ತಾನಾಗಿಯೇ ಅಡ್ಮಿನ್ ಹಕ್ಕು ಬರುತ್ತಿತ್ತು. ತಂತ್ರಾಂಶ ಬರೆಯುವವರೂ ಅದನ್ನೇ ನಂಬಿ ಬರೆದರು. 2007ರಲ್ಲಿ ವಿಸ್ತಾ ಬಂದು ‘ಅನುಮತಿ ಕೊಡಲೇ?’ ಎಂದು ಕೇಳತೊಡಗಿದಾಗ ಜನ ಓದದೆ ಒಪ್ಪಿಗೆಯ ಗುಂಡಿ ಒತ್ತುವುದನ್ನು ಕಲಿತರು. ಇಂದಿಗೂ ನಮ್ಮ ಎಷ್ಟೋ ಕಚೇರಿಗಳಲ್ಲಿ ನಡೆದಿರುವುದು ಅದೇ ರೂಢಿ.

ಈಗ ನಾನು ಎಲ್ಲರಿಗೂ ಹೇಳುವ, ಎಷ್ಟು ಸಲ ಹೇಳಿದರೂ ಸಾಲದೆನಿಸುವ ವಿಷಯಕ್ಕೆ ಬರುತ್ತೇನೆ. 2017ರ ಜೂನ್ 27. ಯುಕ್ರೇನಿನಲ್ಲಿ ತೆರಿಗೆ ಲೆಕ್ಕಕ್ಕೆ ಬಳಸುವ ‘ಎಂ.ಇ.ಡಾಕ್’ ಎಂಬ ತಂತ್ರಾಂಶದ ಅಪ್‌ಡೇಟ್ ವ್ಯವಸ್ಥೆಯೊಳಗೆ ದಾಳಿಕೋರರು ಮೊದಲೇ ಸೇರಿಕೊಂಡಿದ್ದರು. ಅಲ್ಲಿಂದ ಹೊರಟದ್ದು ನಾಟ್‌ಪೆಟ್ಯ ಎಂಬ ಕುತಂತ್ರಾಂಶ. ವಿಂಡೋಸ್‌ನ ಹಳೆಯ ದೋಷವೊಂದನ್ನು ಹಿಡಿದು ಅದು ಹರಡುತ್ತಿತ್ತು, ನಿಜ. ಆದರೆ ಆ ದೋಷ ಮುಚ್ಚಿದ್ದ ಕಂಪ್ಯೂಟರುಗಳಿಗೂ ಅದು ನುಗ್ಗಿತು. ಹೇಗೆ? ತಾನು ಸೇರಿದ ಕಂಪ್ಯೂಟರಿನ ಮೆಮೊರಿಯಿಂದ ಲಾಗಿನ್ ವಿವರ ಹೆಕ್ಕಿತು. ಆ ವಿವರ ಹಿಡಿದು ಪಕ್ಕದ ಕಂಪ್ಯೂಟರಿಗೆ ಅಡ್ಮಿನ್ ಆಗಿ ಲಾಗಿನ್ ಆಯಿತು. ಅದಕ್ಕೆ ಬಳಸಿದ್ದು ಪಿಎಸ್‌ಎಕ್ಸೆಕ್ ಮತ್ತು ಡಬ್ಲ್ಯುಎಂಐ, ನಾವು ಅಡ್ಮಿನ್‌ಗಳು ದಿನಾ ಬಳಸುವ ಸಲಕರಣೆಗಳನ್ನೇ. ಕದ ಒಡೆಯುವ ಅಗತ್ಯವೇ ಬೀಳಲಿಲ್ಲ.

ಡೆನ್ಮಾರ್ಕಿನ ಹಡಗು ಕಂಪನಿ ಮಾರ್ಸ್ಕ್ 45,000 ಪಿಸಿಗಳನ್ನೂ 4,000 ಸರ್ವರುಗಳನ್ನೂ 10 ದಿನಗಳಲ್ಲಿ ಹೊಸದಾಗಿ ಕಟ್ಟಿಕೊಳ್ಳಬೇಕಾಯಿತೆಂದು ಅದರ ಅಧ್ಯಕ್ಷರಾಗಿದ್ದ ಜಿಮ್ ಹೇಗ್‌ಮನ್ ಸ್ನಾಬೆ 2018ರ ಜನವರಿಯಲ್ಲಿ ದಾವೋಸ್‌ನಲ್ಲಿ ಹೇಳಿದರು. ಬಳಕೆದಾರರ ಖಾತೆಗಳನ್ನೆಲ್ಲ ನೋಡಿಕೊಳ್ಳುವ ಅವರ ಡೊಮೈನ್ ಕಂಟ್ರೋಲರುಗಳೆಲ್ಲ ಅಳಿಸಿಹೋಗಿದ್ದವು. ಉಳಿದದ್ದು ಘಾನಾದ ಕಚೇರಿಯಲ್ಲಿದ್ದ ಒಂದೇ ಒಂದು, ಅದೂ ಆ ಹೊತ್ತಿನಲ್ಲಿ ಅಲ್ಲಿ ಕರೆಂಟು ಹೋಗಿದ್ದರಿಂದ. ಮುಂಬಯಿ ಬಳಿಯ ಜವಾಹರಲಾಲ್ ನೆಹರು ಬಂದರಿನಲ್ಲಿ ಅದೇ ಸಮೂಹ ನಡೆಸುತ್ತಿದ್ದ ಟರ್ಮಿನಲ್ಲೂ ಸ್ಥಗಿತಗೊಂಡಿತು. ಯುಕ್ರೇನಿನ ಲೆಕ್ಕದ ತಂತ್ರಾಂಶಕ್ಕೂ ನಮ್ಮ ಪಶ್ಚಿಮ ಕರಾವಳಿಯ ಕಂಟೇನರುಗಳಿಗೂ ಏನು ನಂಟು? ಒಂದು ಕಂಪ್ಯೂಟರಿನಲ್ಲಿ ಸಿಕ್ಕ ಅಧಿಕಾರ ಇನ್ನೊಂದರಲ್ಲೂ ನಡೆಯುತ್ತಿತ್ತು, ಅಷ್ಟೇ ನಂಟು.

ಈಗ ನಿಮ್ಮ ಕಚೇರಿ ನೋಡಿಕೊಳ್ಳಿ. ಕಂಪ್ಯೂಟರ್ ಸರಬರಾಜು ಮಾಡಿದ ವೆಂಡರ್ ಒಂದನ್ನು ಹೊಂದಿಸಿ, ಅದರ ಪ್ರತಿ ತೆಗೆದು ಉಳಿದವಕ್ಕೆಲ್ಲ ಹಾಕಿರುತ್ತಾನೆ. ಎಲ್ಲದರಲ್ಲೂ ‘ಅಡ್ಮಿನಿಸ್ಟ್ರೇಟರ್’ ಎಂಬ ಲೋಕಲ್ ಖಾತೆ, ಎಲ್ಲಕ್ಕೂ ಒಂದೇ ಪಾಸ್‌ವರ್ಡ್. ಬಹುಮಟ್ಟಿಗೆ ಕಂಪನಿಯ ಹೆಸರು, ಮುಂದೊಂದು ‘ಆ್ಯಟ್’ ಚಿಹ್ನೆ, ಆಮೇಲೆ 123. ವೆಂಡರಿಗೆ ಅದು ಗೊತ್ತು, ಕೆಲಸ ಬಿಟ್ಟುಹೋದ ಹುಡುಗನಿಗೆ ಗೊತ್ತು, ಪ್ರಿಂಟರ್ ರಿಪೇರಿಗೆ ಬಂದವರಿಗೂ ಯಾರೋ ಹೇಳಿರುತ್ತಾರೆ. ನಾಟ್‌ಪೆಟ್ಯದಂಥದ್ದು ಒಂದು ಕಂಪ್ಯೂಟರಿಗೆ ಬಂದರೆ ಅದಕ್ಕೆ ಎಲ್ಲ ಕಂಪ್ಯೂಟರುಗಳೂ ಸಿಕ್ಕಂತೆ.

ಇದಕ್ಕೆ ಮದ್ದು ಇದೆ. ಪ್ರತಿ ಕಂಪ್ಯೂಟರಿನ ಲೋಕಲ್ ಅಡ್ಮಿನ್ ಪಾಸ್‌ವರ್ಡನ್ನು ಬೇರೆಬೇರೆಯಾಗಿಟ್ಟು ಕಾಲಕಾಲಕ್ಕೆ ತಾನೇ ಬದಲಿಸುವ ‘ಲ್ಯಾಪ್ಸ್’ ಎಂಬ ಸೌಲಭ್ಯವನ್ನು ಮೈಕ್ರೋಸಾಫ್ಟ್ 2015ರಲ್ಲೇ ಉಚಿತವಾಗಿ ಕೊಟ್ಟಿತು. 2023ರ ಏಪ್ರಿಲ್‌ನಿಂದ ಅದು ವಿಂಡೋಸ್ ಒಳಗೇ ಬರುತ್ತದೆ. ಡೊಮೈನ್ ಇರುವ ಕಚೇರಿಯಲ್ಲಿ ಅದನ್ನು ಹೂಡಲು ಹೆಚ್ಚು ಹೊತ್ತೂ ಬೇಡ, ಹೊಸ ಖರ್ಚೂ ಇಲ್ಲ. ಆದರೂ ಆ ಹೆಸರನ್ನೇ ಕೇಳದ ಸಂಸ್ಥೆಗಳು ನಮ್ಮ ಕೈಗಾರಿಕಾ ಪ್ರದೇಶಗಳ ತುಂಬ ಇವೆ ಎಂಬುದು ನನಗೆ ನಿಜಕ್ಕೂ ಸಂಕಟದ ವಿಷಯ. ಲಕ್ಷಗಟ್ಟಲೆ ಕೊಟ್ಟು ಫೈರ್‌ವಾಲ್ ಕೊಳ್ಳುತ್ತಾರೆ, ಬಿಟ್ಟಿಯಾಗಿ ಸಿಗುವುದನ್ನು ಹಾಕಿಕೊಳ್ಳುವುದಿಲ್ಲ.

ಹಕ್ಕು ಬೇಕೆಂದು ಮೊದಲು ಕೇಳುವವರು ಕೆಳಗಿನ ನೌಕರರಲ್ಲ, ಮೇಲಿನವರು. ನಿರ್ದೇಶಕರ ಲ್ಯಾಪ್‌ಟಾಪಿಗೆ ನಿಯಮ ಸಡಿಲಿಸಿ ಎನ್ನುತ್ತಾರೆ. ದಾಳಿಕೋರರು ಮೊದಲು ಹುಡುಕುವುದೇ ಆ ಲ್ಯಾಪ್‌ಟಾಪನ್ನು; ಬ್ಯಾಂಕಿಗೆ ಹಣ ಕಳಿಸಲು ಹೇಳುವ ಮೇಲ್ ಹೊರಡುವುದು ಅಲ್ಲಿಂದ ತಾನೇ? ಸಡಿಲಿಕೆ ಕೂಡದು. ಐಟಿಯವರಿಗೂ ಕೂಡದು. ನಾನು ಮೇಲ್ ನೋಡುವುದು, ಬ್ರೌಸರ್ ತೆರೆಯುವುದು ಸಾಮಾನ್ಯ ಖಾತೆಯಲ್ಲಿ. ಅಡ್ಮಿನ್ ಖಾತೆ ಬೇರೆ, ಅದಕ್ಕೆ ಮೇಲ್ ವಿಳಾಸವೇ ಇಲ್ಲ.

ಫೋಲ್ಡರುಗಳ ಅನುಮತಿಯದ್ದೂ ಇದೇ ಕಥೆ. ‘ಎವೆರಿವನ್, ಫುಲ್ ಕಂಟ್ರೋಲ್’ ಎಂದು ಒಮ್ಮೆ ಅವಸರದಲ್ಲಿ ಕೊಟ್ಟದ್ದು ವರ್ಷಗಟ್ಟಲೆ ಉಳಿಯುತ್ತದೆ. ಖರೀದಿ ವಿಭಾಗದಿಂದ ಉಗ್ರಾಣಕ್ಕೆ ಹೋದವರ ಬಳಿ ಎರಡೂ ಕಡೆಯ ಅನುಮತಿ ಇರುತ್ತದೆ. ಕೆಲಸ ಬಿಟ್ಟವರ ಖಾತೆ ಜೀವಂತವಾಗಿರುತ್ತದೆ. ಎಚ್‌ಆರ್ ವಿಭಾಗ ಬಿಡುಗಡೆ ಪತ್ರ ಕೊಡುವ ದಿನವೇ ಐಟಿಗೂ ಪತ್ರ ಬರಬೇಕು. ಇದಕ್ಕಿಂತ ಹೆಚ್ಚು ಇಲ್ಲಿ ಹೇಳಬೇಕಾಗಿಲ್ಲ.

ಅಪ್‌ಡೇಟ್ ವಿಷಯ. ವನ್ನಾಕ್ರೈ ಎಂಬ ರಾನ್ಸಮ್‌ವೇರ್ ಬಂದದ್ದು 2017ರ ಮೇ 12ರಂದು. ಅದು ಬಳಸಿದ ದೋಷಕ್ಕೆ ಮೈಕ್ರೋಸಾಫ್ಟ್ ಪ್ಯಾಚ್ ಕೊಟ್ಟದ್ದು ಮಾರ್ಚ್ 14ರಂದು. ನಡುವೆ 59 ದಿನ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನ 236 ಟ್ರಸ್ಟುಗಳಲ್ಲಿ 80 ತೊಂದರೆಗೊಳಗಾದವು, ಸಾವಿರಾರು ರೋಗಿಗಳ ಭೇಟಿ ರದ್ದಾಯಿತು. ಹಳೆಯ ಎಕ್ಸ್‌ಪಿ ಇದ್ದದ್ದಕ್ಕೆ ಹಾಗಾಯಿತೆಂದು ಇಂದಿಗೂ ಅನೇಕರು ನಂಬಿದ್ದಾರೆ. ಆದರೆ ಸಿಕ್ಕಿಬಿದ್ದವುಗಳಲ್ಲಿ ಹೆಚ್ಚಿನವು ಆಗಿನ್ನೂ ಅಪ್‌ಡೇಟ್ ಸಿಗುತ್ತಿದ್ದ ವಿಂಡೋಸ್ 7. ಪ್ಯಾಚ್ ಹಾಕಿಕೊಳ್ಳಿ ಎಂದು ಮಾರ್ಚ್‌ನಲ್ಲೂ ಏಪ್ರಿಲ್‌ನಲ್ಲೂ ಎಚ್ಚರಿಕೆ ಹೋಗಿತ್ತು. ಅದೇ ವರ್ಷ ಅಮೆರಿಕದ ಈಕ್ವಿಫ್ಯಾಕ್ಸ್‌ನಲ್ಲಿ ಸುಮಾರು 14.7 ಕೋಟಿ ಜನರ ವಿವರ ಕಳುವಾಯಿತು. ಅಲ್ಲೂ ಪ್ಯಾಚ್ ಮೊದಲೇ ಬಂದಿತ್ತು, ಒಳಗಿನವರಿಗೆ ಮೇಲ್ ಕೂಡ ಹೋಗಿತ್ತು. ಆದರೆ ಮೇಲ್ ಹೋದ ಪಟ್ಟಿ ಹಳೆಯದು. ಅಪ್‌ಡೇಟ್ ಮಾಡಿಕೊಳ್ಳಿ ಎಂದು ಹೇಳುವುದರಿಂದ ಅಪ್‌ಡೇಟ್ ಆಗುವುದಿಲ್ಲ. ಯಾರೋ ಒಬ್ಬರು ಮಾಡಬೇಕು, ಆಯಿತೇ ಎಂದು ಎಣಿಸಬೇಕು. ‘ರಿಮೈಂಡ್ ಮಿ ಲೇಟರ್’ ಗುಂಡಿ ಇರುವವರೆಗೆ ಕೆಲಸದ ಒತ್ತಡದಲ್ಲಿರುವ ಯಾರೂ ಅದನ್ನು ಒತ್ತದೇ ಇರಲಾರರು.

ನಾವು ಮಾಡುವುದು ಹೀಗೆ. ಮೈಕ್ರೋಸಾಫ್ಟ್ ತಿಂಗಳ ಎರಡನೇ ಮಂಗಳವಾರ ಪ್ಯಾಚ್ ಬಿಡುತ್ತದೆ. ನಮಗೆ ಅದು ರಾತ್ರಿ, ಹಾಗಾಗಿ ಲೆಕ್ಕಕ್ಕೆ ಬುಧವಾರ. ಅಂದು ಐಟಿಯ ಕಂಪ್ಯೂಟರುಗಳಿಗೆ ಹಾಕುತ್ತೇವೆ. ಎರಡು ದಿನ ನೋಡಿ ಪ್ರತಿ ವಿಭಾಗದಿಂದ ಒಂದೆರಡಕ್ಕೆ. ಮುಂದಿನ ವಾರ ಎಲ್ಲಕ್ಕೂ. ಲೆಕ್ಕಪತ್ರ ವಿಭಾಗಕ್ಕೆ ಮಾತ್ರ 20ನೇ ತಾರೀಖು ದಾಟಿದ ಮೇಲೆ, ಏಕೆಂದರೆ ಜಿಎಸ್‌ಟಿ ರಿಟರ್ನ್‌ಗಳಲ್ಲಿ 11ಕ್ಕೆ ಜಿಎಸ್‌ಟಿಆರ್-1ರ, 20ಕ್ಕೆ 3ಬಿಯ ಗಡುವು. ಅಷ್ಟು ದಿನ ಅವರ ಕಂಪ್ಯೂಟರುಗಳು ಪ್ಯಾಚ್ ಇಲ್ಲದೆ ಇರುತ್ತವಲ್ಲ ಎನ್ನಬಹುದು. ಇರುತ್ತವೆ. ದೋಷವನ್ನು ಆಗಲೇ ಯಾರಾದರೂ ಬಳಸುತ್ತಿರುವ ಸುದ್ದಿ ಬಂದರೆ ಕಾಯುವುದಿಲ್ಲ; ಇಲ್ಲವಾದರೆ ಅವರ ಗಡುವು ನಮ್ಮದಕ್ಕಿಂತ ದೊಡ್ಡದೆಂದು ಒಪ್ಪಿದ್ದೇವೆ.

ಭದ್ರತಾ ಕಂಪನಿ ಕ್ರೌಡ್‌ಸ್ಟ್ರೈಕ್ ಕಳಿಸಿದ ಒಂದು ಅಪ್‌ಡೇಟ್ ಫೈಲಿನಿಂದ ಜಗತ್ತಿನಾದ್ಯಂತ ಕಂಪ್ಯೂಟರುಗಳು ನಿಂತುಹೋದ 2024ರ ಜುಲೈ 19ರ ಅವಾಂತರವನ್ನು ಎದುರು ಪಕ್ಷದವರು ಎತ್ತುವುದು ಖಂಡಿತ. ಎತ್ತಲಿ. ಒಂದು ಆವೃತ್ತಿ ಹಿಂದೆಯೇ ಇರಲಿ ಎಂದು ಎಚ್ಚರಿಕೆಯಿಂದ ಆರಿಸಿಕೊಂಡಿದ್ದ ಅಡ್ಮಿನ್‌ಗಳ ಕಂಪ್ಯೂಟರುಗಳಿಗೂ ಆ ಫೈಲ್ ನೇರವಾಗಿ ಬಂತು. ಆ ಬಗೆಯ ಫೈಲ್‌ಗೆ ಆ ಆಯ್ಕೆ ಲಾಗೂ ಆಗುತ್ತಿರಲಿಲ್ಲ. ಹಂತಹಂತವಾಗಿ ಬಿಡುಗಡೆ ಮಾಡುವ ಕ್ರಮವನ್ನೂ ಗ್ರಾಹಕರ ಕೈಗೆ ಆಯ್ಕೆಯನ್ನೂ ಕಂಪನಿ ಕೊಟ್ಟದ್ದು ಆಮೇಲೆ. ಅಂದರೆ ಅಂದು ಸೋತದ್ದು ಐಟಿಯ ಹಿಡಿತವಲ್ಲ, ಐಟಿಗೆ ಹಿಡಿತವೇ ಇಲ್ಲದ್ದು.

“ನಿಮ್ಮನ್ನು ಕೇಳಿದರೆ ಮೂರು ದಿನ ಕಾಯಬೇಕು” ಎಂಬ ದೂರೂ ಇದೆ. ಇದಕ್ಕೆ ಉತ್ತರ ಸುಲಭ: ಐಟಿಯಲ್ಲಿ ಜನ ಹೆಚ್ಚಿಸಿ. ಇನ್ನೂರು ಕಂಪ್ಯೂಟರುಗಳಿಗೆ ಇಬ್ಬರನ್ನಿಟ್ಟು ತಡವಾಯಿತೆಂದರೆ ತಡವಾಗದೆ ಏನಾದೀತು? ಕಾಯಿಸುವ ಐಟಿ ವಿಭಾಗವೇ ಜನರನ್ನು ಅಡ್ಡದಾರಿಗೆ ತಳ್ಳುತ್ತದೆ ಎಂಬುದು ನನಗೂ ಗೊತ್ತು. ಅರ್ಧ ಗಂಟೆಯೊಳಗೆ ಪ್ರತಿಕ್ರಿಯಿಸಲಾಗದವರಿಗೆ ಹಕ್ಕು ಕಿತ್ತುಕೊಳ್ಳುವ ನೈತಿಕ ಬಲ ಕಡಿಮೆಯೇ. ಆದರೆ ಅದಕ್ಕೆ ಪರಿಹಾರ ಎಲ್ಲರ ಕೈಗೂ ಅಡ್ಮಿನ್ ಪಾಸ್‌ವರ್ಡ್ ಕೊಡುವುದಾಗಲಾರದು. ಇನ್ನಿಬ್ಬರನ್ನು ನೇಮಿಸಿಕೊಳ್ಳಿ, ಈ ವರ್ಷದ ಬಜೆಟ್ಟಿನಲ್ಲೇ.

ವಿರೋಧ: ಗಡುವಿನ ಹೊಣೆ ಹೊತ್ತವರಿಗೆ ಹಕ್ಕೂ ಇರಲಿ

ಭದ್ರತೆ ಬೇಕು ಎಂಬುದರಲ್ಲಿ ನನ್ನದೇನೂ ತಕರಾರಿಲ್ಲ. ನನ್ನ ಆಕ್ಷೇಪ ‘ಪೂರ್ತಿಯಾಗಿ ಐಟಿಗೇ’ ಎಂಬುದಕ್ಕೆ. ಕಾರಣಗಳನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲು, ಗಡುವು. ನಮ್ಮಂಥ ಕಚೇರಿಗೆ ತಿಂಗಳೆಂದರೆ ಜಿಎಸ್‌ಟಿ ರಿಟರ್ನ್‌ಗಳ ಗಡುವಾದ 11 ಮತ್ತು 20. 3ಬಿ ಒಂದು ದಿನ ತಡವಾದರೆ ಕಕ್ಷಿದಾರರಿಗೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಕಟ್ಟಬೇಕಾದ ತೆರಿಗೆಯ ಮೇಲೆ ವರ್ಷಕ್ಕೆ ಶೇ 18ರ ಬಡ್ಡಿ. ಮೊತ್ತ ದೊಡ್ಡದಲ್ಲದಿರಬಹುದು, ನಮ್ಮ ಮೇಲಿನ ವಿಶ್ವಾಸ ಹೋಗುತ್ತದೆ. ಡಿಜಿಟಲ್ ಸಹಿಯ ಟೋಕನ್ ಕೆಲಸ ಮಾಡಲು ಅದರ ಡ್ರೈವರ್ ಬೇಕು, ಜಿಎಸ್‌ಟಿ ಪೋರ್ಟಲ್‌ನಲ್ಲಿ ಸಹಿ ಹಾಕಲು ಎಂಸೈನರ್ ಎಂಬ ಪುಟ್ಟ ತಂತ್ರಾಂಶ ಕಂಪ್ಯೂಟರಿನಲ್ಲಿ ಓಡುತ್ತಿರಬೇಕು, ಅದನ್ನು ಅಡ್ಮಿನ್ ಆಗಿಯೇ ಓಡಿಸಬೇಕು. ಸಂಜೆ ಆರಕ್ಕೆ ಅದು ಕೈಕೊಟ್ಟರೆ ಯಾರನ್ನು ಕೇಳುವುದು? ನಮ್ಮಲ್ಲಿ ಐಟಿ ವಿಭಾಗವಿಲ್ಲ; ಹುಬ್ಬಳ್ಳಿ, ದಾವಣಗೆರೆ, ಶಿವಮೊಗ್ಗದ ಬಹುಪಾಲು ಕಚೇರಿಗಳಲ್ಲೂ ಇಲ್ಲ. ವಾರ್ಷಿಕ ನಿರ್ವಹಣೆಯ ಒಪ್ಪಂದ ಮಾಡಿಕೊಂಡ ಏಜೆನ್ಸಿ ಇರುತ್ತದೆ, ಅವರ ಹುಡುಗ ಅದೇ ಹೊತ್ತಿಗೆ ಬೇರೆಲ್ಲೋ ಇರುತ್ತಾನೆ. ಹೊಣೆ ನಮ್ಮದು, ಪಾಸ್‌ವರ್ಡ್ ಅವರದ್ದು.

ಎರಡನೆಯದು, ಅಪ್‌ಡೇಟ್ ಎಂದರೆ ಒಳಿತೇ ಆಗುತ್ತದೆಂಬ ಖಾತರಿಯಿಲ್ಲ. 2018ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 10ರ ದೊಡ್ಡ ಅಪ್‌ಡೇಟ್ ಕೆಲವರ ಡಾಕ್ಯುಮೆಂಟ್ಸ್ ಫೋಲ್ಡರಿನ ಕಡತಗಳನ್ನೇ ಅಳಿಸಿತು. ಮೈಕ್ರೋಸಾಫ್ಟ್ ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಿತು. 2021ರ ಆಗಸ್ಟ್‌ನಲ್ಲಿ ಪ್ರಿಂಟರಿನ ಭದ್ರತಾ ದೋಷವೊಂದಕ್ಕೆ ಮದ್ದಾಗಿ ಬಂದ ಅಪ್‌ಡೇಟ್ ಆದ ಮೇಲೆ ನೆಟ್‌ವರ್ಕಿನ ಪ್ರಿಂಟರಿಗೆ ಡ್ರೈವರ್ ಹಾಕಿಕೊಳ್ಳಲು ಅಡ್ಮಿನ್ ಹಕ್ಕೇ ಬೇಕಾಯಿತು. ಬಹಳಷ್ಟು ಕಚೇರಿಗಳಲ್ಲಿ ಪ್ರಿಂಟ್ ತೆಗೆಯಲು ಹೋದವರ ಮುಂದೆ ಪಾಸ್‌ವರ್ಡ್ ಕೇಳುವ ಕಿಟಕಿ ನಿಂತಿತು. ದೋಷ ಗಂಭೀರವೇ ಇತ್ತು, ಅದನ್ನು ಮುಚ್ಚಲೇಬೇಕಿತ್ತು. ಆದರೆ ಆ ಬೆಳಿಗ್ಗೆ ಪ್ರಿಂಟ್ ಬೇಕಾಗಿದ್ದವರಿಗೆ ಯಾರೂ ಮೊದಲೇ ಹೇಳಿರಲಿಲ್ಲ.

ಮೂರನೆಯದು ಕನ್ನಡದ ಕೆಲಸ. ಸರ್ಕಾರದ ಕಚೇರಿಗಳೊಡನೆ ಪತ್ರವ್ಯವಹಾರ ಇರುವವರಿಗೆ ಕನ್ನಡ ಟೈಪಿಂಗಿನ ನುಡಿ ತಂತ್ರಾಂಶ ಇಲ್ಲದೆ ಆಗುವುದಿಲ್ಲ. ಹಳೆಯ ನುಡಿ ಫಾಂಟಿನ ಕಡತ ಬಂದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದು ಅರ್ಥವಿಲ್ಲದ ರೋಮನ್ ಅಕ್ಷರ, ಚಿಹ್ನೆಗಳ ರಾಶಿ. ವಿಂಡೋಸ್ ಜೊತೆಗೇ ಬರುವ ಕನ್ನಡ ಕೀಲಿಮಣೆಗಳಿವೆ, ಸರಿ. ಆದರೆ ನುಡಿಯ ಕೆಜಿಪಿ ವಿನ್ಯಾಸದಲ್ಲಿ ಕೈ ಪಳಗಿದ ಟೈಪಿಸ್ಟ್‌ಗೆ ಅದರಲ್ಲಿ ಒಂದು ಪುಟಕ್ಕೆ ಎರಡು ಪಟ್ಟು ಸಮಯ ಬೇಕು. ಹೊರರಾಜ್ಯದಲ್ಲಿ ಮುಖ್ಯ ಕಚೇರಿ ಇರುವ ಸಂಸ್ಥೆಗಳಲ್ಲಿ ‘ಅನುಮತಿಸಿದ ತಂತ್ರಾಂಶಗಳ ಪಟ್ಟಿ’ ತಯಾರಾಗುವುದು ಅಲ್ಲಿಯೇ. ಅದರಲ್ಲಿ ನುಡಿಯನ್ನು ಸೇರಿಸುವವರು ಯಾರು?

ನಾಲ್ಕನೆಯದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಭದ್ರತೆಯ ಹೆಸರಿನಲ್ಲಿ ಭದ್ರತೆಯೇ ಕೆಡುವುದು ಇಲ್ಲಿ. ಕಂಪ್ಯೂಟರನ್ನು ಬಿಗಿದು ಕಟ್ಟಿದಾಗ ಕೆಲಸ ನಿಲ್ಲುವುದಿಲ್ಲ, ಬೇರೆ ಕಡೆಗೆ ಹೋಗುತ್ತದೆ. ಏರಿಸುವ ಕಡತ ಇಷ್ಟೇ ಎಂಬಿ ಇರಬೇಕೆಂದು ಪೋರ್ಟಲ್ ಹೇಳುತ್ತದೆ. ಬಾಡಿಗೆ ಕರಾರು, ಕರೆಂಟು ಬಿಲ್ಲು, ಪಾಲುದಾರರ ಪ್ಯಾನ್, ಆಧಾರ್ ಸ್ಕ್ಯಾನ್ ಎಲ್ಲ ಸೇರಿಸಿ ಒಂದು ಪಿಡಿಎಫ್ ಮಾಡಬೇಕು, ಅದನ್ನು ಕುಗ್ಗಿಸಬೇಕು. ಕಂಪ್ಯೂಟರಿನಲ್ಲಿ ಅದಕ್ಕೆ ಬೇಕಾದ ತಂತ್ರಾಂಶವಿಲ್ಲ, ಹಾಕಿಕೊಳ್ಳಲು ಹಕ್ಕಿಲ್ಲ. ಏನು ಮಾಡುತ್ತಾರೆ? ಗೂಗಲ್‌ನಲ್ಲಿ ಹುಡುಕಿ ಮೊದಲು ಸಿಕ್ಕ ಉಚಿತ ಜಾಲತಾಣಕ್ಕೆ ಅಷ್ಟನ್ನೂ ಏರಿಸುತ್ತಾರೆ. ಅದು ಯಾವ ದೇಶದ್ದು, ಆ ಆಧಾರ್ ಪ್ರತಿ ಅಲ್ಲಿ ಎಷ್ಟು ದಿನ ಉಳಿಯುತ್ತದೆ ಎಂದು ಕೇಳುವವರಿಲ್ಲ. ಪೆನ್‌ಡ್ರೈವ್ ಮುಚ್ಚಿದರೆ ಕಡತ ಸ್ವಂತ ವಾಟ್ಸ್ಆ್ಯಪ್‌ಗೆ ಹೋಗುತ್ತದೆ. ಅದನ್ನೂ ಮುಚ್ಚಿದರೆ ಪರದೆಯ ಫೋಟೊ ತೆಗೆಯುತ್ತಾರೆ. ಆ ಫೋನಿಗೆ ಆಂಟಿವೈರಸ್ ಇಲ್ಲ, ಅಪ್‌ಡೇಟ್ ನಿಂತು ಎಷ್ಟು ಕಾಲವಾಯಿತೋ, ಮನೆಯಲ್ಲಿ ಮಕ್ಕಳು ಅದರಲ್ಲೇ ಆಟವಾಡುತ್ತಾರೆ. ಇಷ್ಟೆಲ್ಲ ಆದ ಮೇಲೂ ಐಟಿಯ ವರದಿಯಲ್ಲಿ ಎಲ್ಲ ಕಂಪ್ಯೂಟರುಗಳೂ ಹಸಿರು ಬಣ್ಣದಲ್ಲಿರುತ್ತವೆ. ಕಕ್ಷಿದಾರರು ತಮ್ಮ ಬದುಕಿನ ಲೆಕ್ಕವನ್ನೇ ನಮ್ಮ ಕೈಗೆ ಕೊಟ್ಟಿರುತ್ತಾರೆ. ಅವರ ಕಾಗದಗಳು ನಮ್ಮ ಕಂಪ್ಯೂಟರಿನಿಂದ ಹೊರಹೋಗುವುದಕ್ಕೆ ನಮ್ಮದೇ ನಿಯಮ ಕಾರಣವಾಗಬಾರದು.

ಐದನೆಯದು, ಎಲ್ಲವೂ ಒಂದೇ ಕೈಯಲ್ಲಿದ್ದರೆ ಆ ಕೈಗೆ ಬಂದ ಕುತ್ತು ಎಲ್ಲರಿಗೂ. 2024ರ ಜುಲೈ 19ರಂದು ನಮ್ಮ ಸಮಯ ಬೆಳಿಗ್ಗೆ 9.39ಕ್ಕೆ ಕ್ರೌಡ್‌ಸ್ಟ್ರೈಕ್ ಕಳಿಸಿದ ಒಂದು ಫೈಲಿನಿಂದ ಜಗತ್ತಿನಾದ್ಯಂತ 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಹೋದವು. ಬೆಂಗಳೂರು ಸೇರಿದಂತೆ ನಮ್ಮ ವಿಮಾನ ನಿಲ್ದಾಣಗಳಲ್ಲೂ ಚೆಕ್-ಇನ್ ಅಸ್ತವ್ಯಸ್ತಗೊಂಡಿತು, ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸ್ ಬಂತು. ಕಂಪನಿ 78 ನಿಮಿಷಗಳಲ್ಲಿ ಫೈಲ್ ಹಿಂತೆಗೆದುಕೊಂಡರೂ ಆಗಲೇ ಬಿದ್ದ ಯಂತ್ರಗಳನ್ನು ಬಹುಪಾಲು ಒಂದೊಂದಾಗಿ ಕೈಯಾರೆ ಎಬ್ಬಿಸಬೇಕಾಯಿತು: ಸೇಫ್ ಮೋಡ್‌ಗೆ ಹೋಗಿ ಆ ಫೈಲ್ ಅಳಿಸಬೇಕು, ಡಿಸ್ಕಿಗೆ ಬಿಟ್‌ಲಾಕರ್ ಬೀಗವಿದ್ದರೆ 48 ಅಂಕಿಗಳ ಕೀಲಿ ಬೇಕು. ಯಂತ್ರದ ಮುಂದೆ ಮನುಷ್ಯರು ಕೂತೇ ಇದ್ದರು. ಅಳಿಸುವ ಹಕ್ಕೂ ಕೀಲಿಯೂ ಅವರ ಬಳಿ ಇರಲಿಲ್ಲ.

ದೂರದಿಂದ ಕಂಪ್ಯೂಟರುಗಳನ್ನು ನೋಡಿಕೊಳ್ಳಲು ಏಜೆನ್ಸಿಗಳು ಬಳಸುವ ಸಲಕರಣೆಗಳೂ ಇದಕ್ಕೆ ಹೊರತಲ್ಲ. 2021ರ ಜುಲೈ 2ರಂದು ಕಸೇಯ ಎಂಬ ಕಂಪನಿಯ ಅಂಥದೊಂದು ಸಲಕರಣೆಯ ಮೂಲಕವೇ ರಾನ್ಸಮ್‌ವೇರ್ ಹರಡಿತು. ಸ್ವೀಡನ್ನಿನ ಕೋಪ್ ಸರಣಿಯ ನೂರಾರು ದಿನಸಿ ಅಂಗಡಿಗಳು ಬಿಲ್ಲಿಂಗ್ ಯಂತ್ರ ಓಡದೆ ಬಾಗಿಲು ಹಾಕಿದವು. 2020ರ ಡಿಸೆಂಬರ್‌ನಲ್ಲಿ ಬೆಳಕಿಗೆ ಬಂದ ಸೋಲಾರ್‌ವಿಂಡ್ಸ್ ಪ್ರಕರಣದಲ್ಲೂ ಹಾಗೆಯೇ, ದಾಳಿಕೋರರು ಕೈಯಾಡಿಸಿದ್ದ ಅಪ್‌ಡೇಟನ್ನು ಅಧಿಕೃತವೆಂದು ನಂಬಿ ಇಳಿಸಿಕೊಂಡವರು ಸುಮಾರು 18,000 ಗ್ರಾಹಕರು. 2024ರ ಜುಲೈ ಕೊನೆಯಲ್ಲಿ ನಮ್ಮಲ್ಲೇ ಸಿ-ಎಡ್ಜ್ ಎಂಬ ತಾಂತ್ರಿಕ ಸೇವಾ ಸಂಸ್ಥೆಯಲ್ಲಿ ರಾನ್ಸಮ್‌ವೇರ್ ಕಾಣಿಸಿಕೊಂಡಾಗ, ಅದನ್ನು ನೆಚ್ಚಿದ್ದ ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಪಾವತಿ ಸೇವೆಗೆ ಅಡ್ಡಿಯಾಯಿತು. ಆ ಬ್ಯಾಂಕುಗಳ ಗುಮಾಸ್ತರು ಯಾವ ಲಿಂಕನ್ನೂ ಒತ್ತಿರಲಿಲ್ಲ.

ಹಾಗಾದರೆ ಎಲ್ಲರಿಗೂ ಅಡ್ಮಿನ್ ಹಕ್ಕು ಕೊಡಬೇಕೆ? ಹಾಗೆ ನಾನು ಹೇಳುತ್ತಿಲ್ಲ. ಮೇಲ್ ನೋಡುವಾಗ, ಇಂಟರ್ನೆಟ್ ತೆರೆದಾಗ ಅಡ್ಮಿನ್ ಖಾತೆಯಲ್ಲಿರಬಾರದು ಎಂಬುದು ನ್ಯಾಯವಾದ ಮಾತು. ಎಲ್ಲ ಕಂಪ್ಯೂಟರಿಗೂ ಒಂದೇ ಪಾಸ್‌ವರ್ಡ್ ಇಡುವ ಏಜೆನ್ಸಿಗಳ ಪದ್ಧತಿಯೂ ತಪ್ಪೇ. ಹೊಸದಾಗಿ ಸೇರಿದವರಿಗೆ ಹಕ್ಕು ಬೇಕಾಗಿಲ್ಲ. ನಿಜ ಹೇಳಬೇಕೆಂದರೆ ನಮ್ಮ ಕಚೇರಿಯಲ್ಲಿ ಹಿರಿಯರಾದ ಇಬ್ಬರಿಗೆ ಇದ್ದರೆ ಸಾಕು. ಅದೂ ದಿನವಿಡೀ ಬಳಸುವ ಖಾತೆಯಲ್ಲಿ ಬೇಡ, ಪ್ರತ್ಯೇಕ ಖಾತೆಯಲ್ಲಿ ಇರಲಿ. ಬಳಸಿದಾಗಲೆಲ್ಲ ದಾಖಲೆ ಉಳಿಯಲಿ, ಏಜೆನ್ಸಿಯವರು ತಿಂಗಳಿಗೊಮ್ಮೆ ಅದನ್ನು ನೋಡಲಿ. ಉಳಿದವರಿಗೆ ಕೇಳಿದಾಗ ಒಂದು ಗಂಟೆ ಮಟ್ಟಿಗೆ ಹಕ್ಕು ಸಿಕ್ಕಿ, ಗಂಟೆ ಮುಗಿದ ಕೂಡಲೇ ತಾನಾಗಿ ಹೋಗುವ ವ್ಯವಸ್ಥೆಗಳು ಈಗ ಇವೆ, ಅವನ್ನು ಬಳಸಬಹುದು.

ಅಪ್‌ಡೇಟ್ ಬಗ್ಗೆಯೂ ಇಷ್ಟೇ. ಆಗಲಿ, ತಪ್ಪದೆ ಆಗಲಿ. ಆದರೆ 9ರಿಂದ 11ರವರೆಗೆ, 17ರಿಂದ 20ರವರೆಗೆ ಕೆಲಸದ ವೇಳೆಯಲ್ಲಿ ಕಂಪ್ಯೂಟರ್ ತಾನಾಗಿ ರೀಸ್ಟಾರ್ಟ್ ಆಗದಂತೆ ತಡೆಯುವ ಹಕ್ಕು ನಮಗಿರಲಿ. ಏನು ಬದಲಾಗುತ್ತದೆ ಎಂಬುದನ್ನು ಹಿಂದಿನ ದಿನ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಕಳಿಸಲಿ. ಬೇಕಾದ ತಂತ್ರಾಂಶಗಳ ಪಟ್ಟಿ ಮಾಡುವಾಗ ಟೈಪಿಸ್ಟ್‌ನನ್ನೂ ಲೆಕ್ಕ ಬರೆಯುವವರನ್ನೂ ಕರೆದು ಕೂರಿಸಿಕೊಳ್ಳಲಿ. ಆ ಪಟ್ಟಿಯಲ್ಲಿ ಪಿಡಿಎಫ್ ಕುಗ್ಗಿಸುವ ಒಂದು ಒಳ್ಳೆಯ ತಂತ್ರಾಂಶ, ನುಡಿ, ಟೋಕನ್ನಿನ ಡ್ರೈವರ್ ಮೂರೂ ಮೊದಲ ದಿನದಿಂದಲೇ ಇರಲಿ.